ಯಾವ ಸುದ್ದಿ ಮೊದಲು ಮುಟ್ಟಿತು?

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಟೆಂಡರು ಸೋಮವಾರ ಮತ್ತು ಗುರುವಾರ. ಹಂಗಾಮು ಜೋರಿರುವಾಗ ಹಿಂದಿನ ರಾತ್ರಿಯೇ ಲಾರಿಗಳು ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಊರ ಕಡೆ ತಿರುಗುತ್ತವೆ. ಗದಗ, ಕೊಪ್ಪಳ, ರಾಯಚೂರು, ಬಳ್ಳಾರಿಯ ಮಾಲು, ಆಂಧ್ರದ ಕರ್ನೂಲಿನ ಮಾಲು. ಹಮಾಲರು ಚೀಲ ಇಳಿಸಿ ದಲಾಲರ ಅಂಗಡಿಗಳ ಮುಂದೆ ಲಾಟು ಲಾಟಾಗಿ ಒಟ್ಟುತ್ತಾರೆ. ಖರೀದಿದಾರರು ಸಾಲು ಹಿಡಿದು ನಡೆಯುತ್ತ ಚೀಲಕ್ಕೆ ಕೈಹಾಕುತ್ತಾರೆ. ತಳಿ ಡಬ್ಬಿಯೋ ಕಡ್ಡಿಯೋ, ಬಣ್ಣ ಎಷ್ಟಿದೆ, ತೇವ ಎಷ್ಟಿದೆ ಎಂದು ಅಂದಾಜು ಮಾಡಿ ಮನಸ್ಸಿನಲ್ಲೇ ಒಂದು ದರ ಕಟ್ಟುತ್ತಾರೆ. ಹಿಂದೆ ಆ ದರ ಚೀಟಿಯ ಮೇಲೆ ಬಿದ್ದು ಟೆಂಡರ್ ಪೆಟ್ಟಿಗೆಗೆ ಸೇರುತ್ತಿತ್ತು. ಈಗ ಕಂಪ್ಯೂಟರಿಗೆ ಸೇರುತ್ತದೆ. ಗೊತ್ತುಪಡಿಸಿದ ಹೊತ್ತಿಗೆ ಟೆಂಡರು ಮುಚ್ಚಿ, ಒಂದೊಂದು ಲಾಟಿನ ಮುಂದೂ ಹೆಚ್ಚಿನ ದರ ಬರೆದವರ ಹೆಸರು ಬರುತ್ತದೆ.

ಪೆಟ್ಟಿಗೆ ಇದ್ದಾಗಲೂ ಈಗಲೂ ಒಂದು ಅನುಕೂಲ ಬದಲಾಗಿಲ್ಲ: ದರಗಳೆಲ್ಲ ಕಡೆಗೆ ಒಂದೇ ಜಾಗಕ್ಕೆ ಬಂದು ಬೀಳುತ್ತವೆ. 2014ರ ಫೆಬ್ರುವರಿಯಲ್ಲಿ ಕರ್ನಾಟಕ ಶುರು ಮಾಡಿದ ಏಕೀಕೃತ ಮಾರುಕಟ್ಟೆ ವೇದಿಕೆಯಾಗಲಿ, 2016ರ ಏಪ್ರಿಲ್ 14ರಂದು ಕೇಂದ್ರ ಸರ್ಕಾರ ತಂದ ಇ-ನಾಮ್ ಆಗಲಿ, ಕೇಂದ್ರೀಯ ವೇದಿಕೆಗಳು. ನಡುವೆ ಒಂದು ಯಂತ್ರ, ಅದಕ್ಕೊಂದು ಗಡಿಯಾರ. ಯಾರ ದರ ಮೊದಲು ಬಂತು ಅಂದರೆ ಆ ಗಡಿಯಾರ ಹೇಳಿದ್ದೇ ಸರಿ.

ಆ ನಡುವಿನ ಯಂತ್ರವನ್ನು ತೆಗೆದುಬಿಟ್ಟರೆ? ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರರಲ್ಲೂ ಎಪಿಎಂಸಿಗಳಿವೆ. ಪ್ರತಿಯೊಂದೂ ತನ್ನ ಲೆಕ್ಕವನ್ನು ತನ್ನ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುತ್ತದೆ, ಪರಸ್ಪರ ಸಂದೇಶ ಕಳಿಸಿ ಒಂದೇ ತೀರ್ಮಾನಕ್ಕೆ ಬರುತ್ತದೆ ಅಂದುಕೊಳ್ಳೋಣ. ಸಮನಾದ ದರಕ್ಕೆ ಮೊದಲು ಬಂದವರಿಗೆ ಮಾಲು ಎಂಬ ನಿಯಮವನ್ನೂ ಇಟ್ಟುಕೊಳ್ಳೋಣ. ಬ್ಯಾಡಗಿಯ ಒಂದು ಲಾಟಿಗೆ ರಾಣೆಬೆನ್ನೂರಿನ ಒಬ್ಬರು, ಹಾವೇರಿಯ ಒಬ್ಬರು ಅಷ್ಟೇ ದರ ಬರೆದರು. ರಾಣೆಬೆನ್ನೂರಿನ ಗಡಿಯಾರ ಒಂದು ಸೆಕೆಂಡು ಹಿಂದಿದೆ. ಹಾವೇರಿಯ ಲೈನು ಆ ಗಳಿಗೆಯಲ್ಲಿ ನಿಧಾನ. ಬ್ಯಾಡಗಿಗೆ ಮೊದಲು ಮುಟ್ಟಿದ್ದು ಮೊದಲು ಬರೆದದ್ದೇ ಎಂದು ಹೇಳಲು ಬರುವುದಿಲ್ಲ. ಇಂಥ ವ್ಯವಸ್ಥೆಗಳಿಗಾಗಿ ಬರೆಯುವ ವಿಧಾನಗಳೇ ಡಿಸ್ಟ್ರಿಬ್ಯೂಟೆಡ್ ಅಲ್ಗಾರಿದಮ್‌ಗಳು. ಬ್ಯಾಂಕು, ರೈಲ್ವೆ ಬುಕಿಂಗು, ಮೊಬೈಲ್ ಜಾಲ ಎಲ್ಲದರ ತಳದಲ್ಲೂ ಇವು ಇವೆ. ಇವುಗಳಲ್ಲಿ ತಪ್ಪು ಹುಡುಕುವುದು ಮಾಮೂಲಿ ಪ್ರೋಗ್ರಾಂನಲ್ಲಿ ತಪ್ಪು ಹುಡುಕಿದಂತಲ್ಲ. ತಪ್ಪು ಯಾವ ಸಾಲಿನಲ್ಲೂ ಕೂತಿರುವುದಿಲ್ಲ; ಸಂದೇಶಗಳು ಬಂದ ಸರದಿಯಲ್ಲಿ ಇರುತ್ತದೆ. ಆ ಸರದಿಯನ್ನೇ ಕೈಗೆ ತೆಗೆದುಕೊಂಡು ನೋಡಲು ಆಗುವಂತೆ ಮಾಡುವ ಸಾಧನ ಸಿಮ್ಯುಲೇಟರು. ಅದನ್ನು ಕಟ್ಟಲು ಫಂಕ್ಷನಲ್ ಭಾಷೆಗಳು ಏಕೆ ಅಷ್ಟು ಚೆನ್ನಾಗಿ ಒಗ್ಗುತ್ತವೆ ಎಂಬುದನ್ನು ಈ ಮೂರು ಊರುಗಳನ್ನೇ ಇಟ್ಟುಕೊಂಡು ನೋಡಬಹುದು.

ಮೊದಲು ಗಡಿಯಾರದ ವಿಷಯ. 1978ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಪ್ರಕಟಿಸಿದ ಒಂದು ಪ್ರಬಂಧ ಗೋಡೆಯ ಗಡಿಯಾರವನ್ನು ನಂಬುವುದನ್ನೇ ಬಿಟ್ಟಿತು. ಪ್ರತಿ ಊರೂ ಒಂದು ಎಣಿಕೆ ಇಟ್ಟುಕೊಳ್ಳಲಿ. ಏನಾದರೂ ಮಾಡಿದಾಗ ಒಂದು ಸೇರಿಸಲಿ. ಸಂದೇಶ ಕಳಿಸುವಾಗ ಆ ಎಣಿಕೆಯನ್ನು ಅದರ ಮೇಲೆ ಬರೆಯಲಿ. ಸಂದೇಶ ಮುಟ್ಟಿದವರು ತಮ್ಮ ಎಣಿಕೆ, ಬಂದ ಎಣಿಕೆ ಎರಡರಲ್ಲಿ ದೊಡ್ಡದನ್ನು ತೆಗೆದುಕೊಂಡು ಅದಕ್ಕೆ ಒಂದು ಸೇರಿಸಲಿ. ಹಾವೇರಿಯ ಎಣಿಕೆ 3 ಇದ್ದಾಗ ಕಳಿಸಿದ ಸಂದೇಶ, ಎಣಿಕೆ 1 ಇದ್ದ ಬ್ಯಾಡಗಿಗೆ ಮುಟ್ಟಿದರೆ ಬ್ಯಾಡಗಿ ನೇರವಾಗಿ 4ಕ್ಕೆ ಹಾರುತ್ತದೆ. ಕಳಿಸಿದ್ದು 3, ಮುಟ್ಟಿದ್ದು 4. ಕಾರಣ ಯಾವಾಗಲೂ ಪರಿಣಾಮಕ್ಕಿಂತ ಚಿಕ್ಕ ಸಂಖ್ಯೆಯಲ್ಲಿರುತ್ತದೆ. ಎರಡು ಊರಿನ ಎಣಿಕೆ ಸಮ ಬಂದರೆ ಊರಿಗೆ ಮೊದಲೇ ಕೊಟ್ಟ ಕ್ರಮಸಂಖ್ಯೆ ನೋಡಿ ತೀರ್ಮಾನ. ಇದರಿಂದ ನ್ಯಾಯ ಸಿಗುತ್ತದೆ ಎಂದಲ್ಲ. ನಿಜವಾಗಿ ಮೊದಲು ಬರೆದವರು ಸೋಲಲೂಬಹುದು. ಸಿಗುವುದು ಒಮ್ಮತ: ಮೂರೂ ಊರು ಒಂದೇ ಸರದಿಯನ್ನು ಒಪ್ಪುತ್ತವೆ. ಮಾರುಕಟ್ಟೆಯ ಮಟ್ಟಿಗೆ ಜಗಳ ನಿಲ್ಲಲು ಎಷ್ಟೋ ಸಲ ಅಷ್ಟೇ ಸಾಕು ಎಂದು ನನಗನ್ನಿಸುತ್ತದೆ.

ಇಷ್ಟನ್ನು ಯಾವ ಭಾಷೆಯಲ್ಲಾದರೂ ಒಂದು ಮಧ್ಯಾಹ್ನದಲ್ಲಿ ಬರೆಯಬಹುದು. ಮೂರು ಕಂಪ್ಯೂಟರನ್ನು ಒಂದೇ ಮೇಜಿನ ಮೇಲಿಟ್ಟು, ತಂತಿ ಜೋಡಿಸಿ ಓಡಿಸಿದರೆ ಬಹುಮಟ್ಟಿಗೆ ಸರಿಯಾಗಿಯೇ ಓಡುತ್ತದೆ. ತೊಂದರೆ ಇರುವುದೂ ಅಲ್ಲೇ. ಮೇಜಿನ ಮೇಲೆ ಸಂದೇಶಗಳು ಹೆಚ್ಚುಕಡಿಮೆ ಪ್ರತಿ ಸಲವೂ ಅದೇ ಸರದಿಯಲ್ಲಿ ಬರುತ್ತವೆ. ಮೂರು ಊರಲ್ಲಿ ಪ್ರತಿಯೊಂದೂ ಬರೀ ನಾಲ್ಕು ಕೆಲಸ ಮಾಡುತ್ತದೆ ಅನ್ನಿ. ಒಬ್ಬೊಬ್ಬರ ಒಳಗಿನ ಕ್ರಮ ಕೆಡದಂತೆ ಆ ಹನ್ನೆರಡು ಕೆಲಸಗಳು ಒಂದರೊಳಗೊಂದು ಹೆಣೆದುಕೊಳ್ಳಬಹುದಾದ ಬಗೆಗಳು 34,650. ಒಬ್ಬೊಬ್ಬರಿಗೆ ಹತ್ತು ಕೆಲಸವಾದರೆ ಐದೂವರೆ ಲಕ್ಷ ಕೋಟಿಗಿಂತ ಹೆಚ್ಚು. ಮೇಜಿನ ಮೇಲಿನ ಯಂತ್ರ ಇದರಲ್ಲಿ ಬೆರಳೆಣಿಕೆಯಷ್ಟನ್ನು ತೋರಿಸುತ್ತದೆ. ಉಳಿದದ್ದು ಜನವರಿಯ ಒಂದು ಸೋಮವಾರ, ಆವಕ ತುಂಬಿ ತುಳುಕುವಾಗ, ನಿಜವಾದ ಜಾಲದಲ್ಲಿ ಮೊದಲ ಬಾರಿ ಕಾಣಿಸಿಕೊಳ್ಳುತ್ತದೆ. ಮರುದಿನ ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಆ ಸರದಿ ಮತ್ತೆ ಬರುವುದಿಲ್ಲ.

ಸಿಮ್ಯುಲೇಟರಿನಲ್ಲಿ ನಿಜವಾದ ತಂತಿ ಇಲ್ಲ, ನಿಜವಾದ ಕಾಲವೂ ಇಲ್ಲ. ಒಂದು ಸರದಿ ಪಟ್ಟಿ ಇರುತ್ತದೆ: ಇಂಥ ಹೊತ್ತಿಗೆ ಇಂಥ ಊರಿಗೆ ಇಂಥ ಸಂದೇಶ. ಎಲ್ಲಕ್ಕಿಂತ ಮುಂಚಿನ ಹೊತ್ತಿನದನ್ನು ಎತ್ತಿಕೊಳ್ಳುವುದು, ಆ ಊರಿಗೆ ಕೊಡುವುದು, ಊರು ಹೊಸದಾಗಿ ಕಳಿಸುವ ಸಂದೇಶಗಳಿಗೆ ಒಂದಿಷ್ಟು ತಡ ಸೇರಿಸಿ ಮತ್ತೆ ಪಟ್ಟಿಗೆ ಹಾಕುವುದು. ಪಟ್ಟಿ ಖಾಲಿಯಾಗುವವರೆಗೆ ಇದೇ. ಎರಡು ಸಂದೇಶಗಳ ನಡುವೆ ಅರ್ಧ ಗಂಟೆ ಅಂತರವಿದ್ದರೂ ಕಾಯಬೇಕಿಲ್ಲ, ಕಾಲ ನೇರವಾಗಿ ಮುಂದಿನ ಘಟನೆಗೆ ಹಾರುತ್ತದೆ. ಒಂದು ಇಡೀ ಟೆಂಡರು ದಿನವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಓಡಿಸಿ, ಮತ್ತೆ ಸಾವಿರ ಸಲ ಬೇರೆ ಬೇರೆ ತಡ ಹಾಕಿ ಓಡಿಸಬಹುದು.

ಫಂಕ್ಷನಲ್ ಭಾಷೆಗಳು ಹಳೆಯವು. ಜಾನ್ ಮೆಕಾರ್ಥಿಯ ಲಿಸ್ಪ್ 1958ರದು. ಎಡಿನ್‌ಬರೋದಲ್ಲಿ ರಾಬಿನ್ ಮಿಲ್ನರ್ ಮತ್ತು ಜೊತೆಗಾರರ ಎಂಎಲ್ 1970ರ ದಶಕದ್ದು. ಹ್ಯಾಸ್ಕೆಲ್ 1990, ಫ್ರಾನ್ಸಿನ ಓಕ್ಯಾಮಲ್ 1996. ಮಾಮೂಲಿ ಭಾಷೆಯಲ್ಲಿ ಪ್ರೋಗ್ರಾಂ ಅಂದರೆ ಆಜ್ಞೆಗಳ ಸಾಲು: ಇಲ್ಲಿರುವ ಸಂಖ್ಯೆ ಅಳಿಸು, ಅಲ್ಲಿ ಇನ್ನೊಂದು ಬರೆ. ಫಂಕ್ಷನಲ್ ರೀತಿಯಲ್ಲಿ ಅಳಿಸಿ ಬರೆಯುವ ಮಾತೇ ಇಲ್ಲ. ಹಳೆಯದು ಹಾಗೇ ಉಳಿಯುತ್ತದೆ, ಅದರಿಂದ ಲೆಕ್ಕ ಹಾಕಿದ ಹೊಸದೊಂದು ಹುಟ್ಟುತ್ತದೆ. ಅದೇ ಒಳಹಾಕಿದರೆ ಯಾವತ್ತೂ ಅದೇ ಹೊರಬರುತ್ತದೆ. ನಮ್ಮ ಊರುಗಳನ್ನು ಈ ರೀತಿಯಲ್ಲಿ ಬರೆದರೆ ಒಂದೇ ಸಾಲಿಗೆ ಬಂದು ನಿಲ್ಲುತ್ತದೆ:

ಹೆಜ್ಜೆ (ಊರಿನ ಸ್ಥಿತಿ, ಬಂದ ಸಂದೇಶ) = (ಊರಿನ ಹೊಸ ಸ್ಥಿತಿ, ಕಳಿಸಬೇಕಾದ ಸಂದೇಶಗಳ ಪಟ್ಟಿ)

ಅಲ್ಗಾರಿದಮ್ ಅಂದರೆ ಈ ‘ಹೆಜ್ಜೆ’ ಎಂಬ ಫಂಕ್ಷನ್. ಸಿಮ್ಯುಲೇಟರ್ ಅಂದರೆ ಈ ಹೆಜ್ಜೆಯನ್ನು ಸರದಿ ಪಟ್ಟಿಯ ಮೇಲೆ ಮತ್ತೆ ಮತ್ತೆ ಹಾಕುವ ಇನ್ನೊಂದು ಫಂಕ್ಷನ್. ಅಲ್ಗಾರಿದಮ್ ಬದಲಿಸಬೇಕೆಂದರೆ ಮೊದಲನೆಯದನ್ನು ಬದಲಿಸಿ. ಜಾಲದ ಗುಣ ಬದಲಿಸಬೇಕೆಂದರೆ, ಸಂದೇಶ ಕಳೆಯಬೇಕು, ಎರಡೆರಡು ಸಲ ಮುಟ್ಟಬೇಕು ಅಂದರೆ, ಎರಡನೆಯದನ್ನು ಬದಲಿಸಿ. ಒಂದರ ಕೈ ಇನ್ನೊಂದರೊಳಗೆ ಹೋಗುವುದಿಲ್ಲ.

ಆ ಸಾಲಿನಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎನ್ನುವುದು ಮುಖ್ಯ. ಬ್ಯಾಡಗಿಯ ಹೆಜ್ಜೆಗೆ ಸಿಗುವುದು ಬ್ಯಾಡಗಿಯ ಸ್ಥಿತಿ ಮತ್ತು ಬಂದ ಸಂದೇಶ, ಅಷ್ಟೇ. ಹಾವೇರಿಯಲ್ಲಿ ಈಗ ಏನಿದೆ ಎಂದು ಇಣುಕಲು ಕಿಟಕಿಯೇ ಇಲ್ಲ. ಮಾಮೂಲಿ ಭಾಷೆಯಲ್ಲಿ ಬರೆದ ಸಿಮ್ಯುಲೇಟರಿನಲ್ಲಿ ಮೂರೂ ಊರು ಒಂದೇ ಯಂತ್ರದ ನೆನಪಿನಲ್ಲಿರುತ್ತವೆ. ಎಲ್ಲರೂ ನೋಡಬಹುದಾದ ಒಂದು ವೇರಿಯಬಲ್ ಎಲ್ಲೋ ಇರುತ್ತದೆ, ಗಡಿಬಿಡಿಯಲ್ಲಿ ಬ್ಯಾಡಗಿಯ ಕೋಡು ಅದನ್ನು ಓದಿಬಿಡುತ್ತದೆ. ಪರೀಕ್ಷೆ ಪಾಸಾಗುತ್ತದೆ. ಮೂರು ನಿಜವಾದ ಯಂತ್ರಗಳ ಮೇಲೆ ಹಾಕಿದ ದಿನ ಅದು ಬೀಳುತ್ತದೆ, ಏಕೆಂದರೆ ಅಲ್ಲಿ ಹಾವೇರಿಯ ನೆನಪು ಹಾವೇರಿಯಲ್ಲೇ ಇದೆ. ಶುದ್ಧ ಫಂಕ್ಷನ್ ಈ ಕಳ್ಳದಾರಿಯನ್ನು ಬುಡದಲ್ಲೇ ಮುಚ್ಚುತ್ತದೆ. ಬೇರೆ ಅನುಕೂಲಗಳೆಲ್ಲ ಆಮೇಲೆ. ನನ್ನನ್ನು ಕೇಳಿದರೆ ಈ ಕೆಲಸಕ್ಕೆ ಫಂಕ್ಷನಲ್ ಭಾಷೆ ಆರಿಸಿಕೊಳ್ಳಲು ಇದೊಂದೇ ಕಾರಣ ಸಾಕು.

ಆಕಸ್ಮಿಕತೆಯ ವಿಷಯದಲ್ಲೂ ಇಂಥದೇ ಒಂದು ಕಟ್ಟುಪಾಡು ಅನುಕೂಲವಾಗುತ್ತದೆ. ಸಂದೇಶಗಳ ತಡ ಯಾದೃಚ್ಛಿಕವಾಗಿರಬೇಕು. ಆದರೆ ಅದೇ ಒಳಹಾಕಿದರೆ ಅದೇ ಹೊರಬರಬೇಕಾದ ಶುದ್ಧ ಫಂಕ್ಷನಲ್ ರೀತಿಯಲ್ಲಿ, ಕರೆದಾಗಲೆಲ್ಲ ಬೇರೆ ಬೇರೆ ಸಂಖ್ಯೆ ಕೊಡುವ ಫಂಕ್ಷನ್ ಬರೆಯಲು ಬರುವುದಿಲ್ಲ. ಹಾಗಾಗಿ ಒಂದು ಆರಂಭದ ಸಂಖ್ಯೆ ಕೊಟ್ಟು, ಅದರಿಂದ ಮುಂದಿನದನ್ನು ಲೆಕ್ಕ ಹಾಕುತ್ತ ಕೈಯಿಂದ ಕೈಗೆ ದಾಟಿಸಬೇಕು. ಮೊದಮೊದಲು ಇದು ಕಿರಿಕಿರಿ ಅನಿಸುತ್ತದೆ. ಆದರೆ ಇಡೀ ಓಟ ಆ ಒಂದು ಸಂಖ್ಯೆಗೆ ಕಟ್ಟುಬೀಳುತ್ತದೆ. 4127 ಹಾಕಿದಾಗ ತಪ್ಪು ಕಾಣಿಸಿತು ಅನ್ನಿ. ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಹುಡುಗಿ ಆ ಸಂಖ್ಯೆಯನ್ನು ರಾಣೆಬೆನ್ನೂರಿನ ತರಳಬಾಳು ಜಗದ್ಗುರು ಕಾಲೇಜಿನ ಗೆಳತಿಗೆ ಕಳಿಸಿದರೆ ಸಾಕು, ಅಲ್ಲೂ ಅದೇ ಸರದಿ, ಅದೇ ತಪ್ಪು, ಅದೇ ಜಾಗದಲ್ಲಿ. ಫೌಂಡೇಷನ್‌ಡಿಬಿ ಎಂಬ ಡೇಟಾಬೇಸನ್ನು ಕಟ್ಟಿದವರು ಡೇಟಾಬೇಸಿಗಿಂತ ಮೊದಲು ಇಂಥ ಸಿಮ್ಯುಲೇಟರನ್ನು ಕಟ್ಟಿಕೊಂಡರು. ಅವರು ಬಳಸಿದ್ದು ಫಂಕ್ಷನಲ್ ಭಾಷೆಯಲ್ಲ, ಸಿ++ಗೆ ತಾವೇ ಮಾಡಿಕೊಂಡ ವಿಸ್ತರಣೆ. ಹಟ ಮಾತ್ರ ಇದೇ: ಒಂದು ಸಂಖ್ಯೆ, ಒಂದು ಓಟ.

ಈಗ ಟೆಂಡರು ಮುಚ್ಚುವ ಗಳಿಗೆಗೆ ಬರೋಣ. ಬ್ಯಾಡಗಿ ಒಂದು ಲಾಟಿನ ತೀರ್ಮಾನ ಹೇಳಬೇಕು. ಇನ್ನೂ ಯಾವ ದರವೂ ದಾರಿಯಲ್ಲಿಲ್ಲ ಎಂದು ಅದಕ್ಕೆ ಹೇಗೆ ಗೊತ್ತು? ಲ್ಯಾಂಪೋರ್ಟ್ ವಿಧಾನದಲ್ಲಿ ಉತ್ತರ ಹೀಗೆ: ಮುಚ್ಚುವ ಎಣಿಕೆಗಿಂತ ದೊಡ್ಡ ಎಣಿಕೆಯ ಸಂದೇಶ ಉಳಿದೆರಡೂ ಊರಿಂದ ಬರುವವರೆಗೆ ಕಾಯಬೇಕು. ಹಾವೇರಿಯಿಂದ ಬಂತು. ರಾಣೆಬೆನ್ನೂರಿನಿಂದ ಬರಲಿಲ್ಲ. ಲೈನು ನಿಧಾನವೋ, ಯಂತ್ರವೇ ಕೆಟ್ಟಿದೆಯೋ? ನಿಧಾನವಾದರೆ ಕಾಯಬೇಕು. ಕೆಟ್ಟಿದ್ದರೆ ಎಷ್ಟು ಕಾದರೂ ಅಷ್ಟೇ. 1985ರಲ್ಲಿ ಮೈಕೆಲ್ ಫಿಷರ್, ನ್ಯಾನ್ಸಿ ಲಿಂಚ್, ಮೈಕೆಲ್ ಪ್ಯಾಟರ್ಸನ್ ಮೂವರು ಇದನ್ನು ಗಣಿತವಾಗಿ ಮುಗಿಸಿಬಿಟ್ಟರು: ಸಂದೇಶ ಎಷ್ಟು ತಡವಾಗಬಹುದು ಎಂಬುದಕ್ಕೆ ಮಿತಿಯೇ ಇಲ್ಲದ ಜಾಲದಲ್ಲಿ, ಒಂದೇ ಒಂದು ಯಂತ್ರ ಕೆಡುವ ಸಾಧ್ಯತೆ ಇದ್ದರೂ, ಎಲ್ಲ ಸಂದರ್ಭದಲ್ಲೂ ಒಮ್ಮತಕ್ಕೆ ಬಂದೇ ತೀರುವ ಖಚಿತ ಅಲ್ಗಾರಿದಮ್ ಇರಲಾರದು.

ಹಾಗಾದರೆ ವ್ಯವಸ್ಥೆಗಳು ಹೇಗೆ ಓಡುತ್ತಿವೆ? 1996ರಲ್ಲಿ ತುಷಾರ್ ಚಂದ್ರ ಮತ್ತು ಸ್ಯಾಮ್ ಟೂಗ್ ಒಂದು ದಾರಿ ತೋರಿಸಿದರು. ಪ್ರತಿ ಯಂತ್ರದ ಪಕ್ಕದಲ್ಲಿ, ಯಾರು ಕೆಟ್ಟಿರಬಹುದು ಎಂದು ಆಗಾಗ ಸುಳಿವು ಹೇಳುವ ಒಂದು ಭಾಗ ಇರಲಿ. ಅದು ತಪ್ಪು ಹೇಳಬಹುದು, ಆಮೇಲೆ ತಿದ್ದಿಕೊಳ್ಳಬಹುದು. ಬ್ಯಾಡಗಿ ಮತ್ತು ರಾಣೆಬೆನ್ನೂರಿನ ನಡುವೆ ದೇವರಗುಡ್ಡ ಇದೆ. ಅಲ್ಲಿ ನವರಾತ್ರಿಯಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಒಂದೇ ಸಾಲಿನ ಕಾರ್ಣಿಕ ಕೇಳಿದವರಿಗೆ ಸುಳಿವು ಹೇಳುವ ಆ ಭಾಗದ ಸ್ವಭಾವ ಬೇಗ ಅರ್ಥವಾಗುತ್ತದೆ: ನುಡಿ ಮೇಲಿನಿಂದ ಬರುತ್ತದೆ, ಮಳೆ ಬೆಳೆ ರಾಜಕಾರಣ ಯಾವುದಕ್ಕೆ ಅನ್ವಯ ಎಂಬ ಜವಾಬ್ದಾರಿ ಕೆಳಗೆ ನಿಂತವರದು. ಅಲ್ಗಾರಿದಮ್ಮಿನ ಜಾಣತನ ಇರುವುದು, ಸುಳಿವು ಸುಳ್ಳಾದಾಗಲೂ ಎರಡು ಊರು ಎರಡು ಬೇರೆ ತೀರ್ಮಾನ ಹೇಳದಂತೆ ನೋಡಿಕೊಳ್ಳುವುದರಲ್ಲಿ. ಸಿಮ್ಯುಲೇಟರಿಗೆ ಮಾತ್ರ ಯಾರು ನಿಜವಾಗಿ ಕೆಟ್ಟಿದ್ದಾರೆ ಎಂದು ಗೊತ್ತು, ಕೆಡಿಸಿದ್ದೇ ಅದು. ಅದು ಊರುಗಳಿಗೆ ಸುಳ್ಳು ಸುಳಿವು ಕೊಟ್ಟು ಕಾಡಬಹುದು, ಕಾಡಲೇಬೇಕು.

ಇಂಥ ಕಡೆ ಎರಡು ಬಗೆಯ ಪ್ರಶ್ನೆ ಬೇರೆ ಮಾಡಿಕೊಳ್ಳಬೇಕಾಗುತ್ತದೆ. ಎಂದೂ ಆಗಬಾರದ್ದು ಒಂದು, ಎಂದಾದರೂ ಆಗಲೇಬೇಕಾದ್ದು ಇನ್ನೊಂದು. ಈ ಮೂರು ಊರುಗಳನ್ನು ಕೂಡಿಸುವ ರೈಲು ದಾರಿ ಇದಕ್ಕೆ ಹಳೆಯ ಉದಾಹರಣೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿ–ಹರಿಹರ ಮೀಟರ್ ಗೇಜ್ ಹಳಿ ಹಾಕಿತು. ಒಂಟಿ ಹಳಿಯ ಮೇಲೆ ಎದುರುಬದುರು ಗಾಡಿ ಬರಬಾರದಲ್ಲ. ಅದಕ್ಕೆ ನಮ್ಮ ರೈಲ್ವೆಯಲ್ಲಿ ಟೋಕನ್ ಪದ್ಧತಿ ಇತ್ತು. ಪಕ್ಕಪಕ್ಕದ ಎರಡು ಸ್ಟೇಶನ್ನಿನಲ್ಲಿ ತಂತಿಯಿಂದ ಬೆಸೆದ ಎರಡು ಯಂತ್ರ, ಒಳಗೆ ಲೋಹದ ಚೆಂಡುಗಳು. ಒಂದು ಚೆಂಡು ಹೊರಗೆ ಬಂದರೆ, ಅದು ಯಾವುದಾದರೂ ಒಂದು ತುದಿಯ ಯಂತ್ರಕ್ಕೆ ಮರಳುವವರೆಗೆ ಎರಡೂ ಕಡೆ ಇನ್ನೊಂದು ಚೆಂಡು ಬಿಡುಗಡೆಯಾಗದು. ದೊಡ್ಡ ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಚೆಂಡು ಹಾಕಿ, ಓಡುವ ಗಾಡಿಯ ಡ್ರೈವರಿಗೆ ಕೊಡುವುದನ್ನು ಹಿರಿಯರು ನೋಡಿರುತ್ತಾರೆ. ಒಂದೇ ತುಂಡು ಹಳಿಯ ಮೇಲೆ ಎರಡು ಗಾಡಿ ಇರಬಾರದು ಎಂಬುದು ಮೊದಲ ಬಗೆ. ಕಾದ ಗಾಡಿಗೆ ಎಂದಾದರೂ ದಾರಿ ಸಿಗಲೇಬೇಕು ಎಂಬುದು ಎರಡನೇ ಬಗೆ. ಚೆಂಡು ಕಳೆದುಹೋದರೆ ಮೊದಲನೆಯದು ಭದ್ರವಾಗಿಯೇ ಇರುತ್ತದೆ, ಎರಡನೆಯದು ನಿಂತುಹೋಗುತ್ತದೆ. 1977ರಲ್ಲಿ ಜೆರಾರ್ ಲಲಾನ್ ಕಂಪ್ಯೂಟರುಗಳ ಉಂಗುರದಲ್ಲಿ ಟೋಕನ್ ಸುತ್ತಿಸುವ ವಿಧಾನ ಬರೆದಾಗ ಎದುರಾದ ಮುಖ್ಯ ತೊಡಕೂ ಇದೇ: ಟೋಕನ್ ಕಳೆದರೆ ಹೊಸದನ್ನು ಹುಟ್ಟಿಸುವವರು ಯಾರು? ಎಲ್ಲರೂ ಹುಟ್ಟಿಸಿದರೆ ಮೊದಲ ನಿಯಮವೇ ಮುರಿಯಿತು. ಒಬ್ಬ ನಾಯಕನನ್ನು ಆರಿಸಬೇಕು.

ನಾಯಕನ ಆಯ್ಕೆ ಸಿಮ್ಯುಲೇಟರಿಗೆ ಒಳ್ಳೆಯ ಮೊದಲ ಪಾಠ. ಚಾಂಗ್ ಮತ್ತು ರಾಬರ್ಟ್ಸ್ 1979ರಲ್ಲಿ ಕೊಟ್ಟ ವಿಧಾನದಲ್ಲಿ ಪ್ರತಿ ಊರೂ ತನ್ನ ಸಂಖ್ಯೆಯನ್ನು ಉಂಗುರದಲ್ಲಿ ಮುಂದಿನವರಿಗೆ ಕಳಿಸುತ್ತದೆ. ತನಗಿಂತ ದೊಡ್ಡದು ಬಂದರೆ ಮುಂದಕ್ಕೆ, ಚಿಕ್ಕದು ಬಂದರೆ ಅಲ್ಲೇ ಬಿಸಾಕು. ತನ್ನದೇ ತಿರುಗಿ ಬಂದರೆ ತಾನೇ ನಾಯಕ. ಹಾವೇರಿ 3, ಬ್ಯಾಡಗಿ 2, ರಾಣೆಬೆನ್ನೂರು 1 ಎಂದು ಕೊಟ್ಟು ಅದೇ ದಿಕ್ಕಿನಲ್ಲಿ ಸುತ್ತಿಸಿದರೆ 6 ಸಂದೇಶ. ಸಂಖ್ಯೆಗಳನ್ನು ತಿರುಗುಮುರುಗು ಮಾಡಿದರೆ 5. ವ್ಯತ್ಯಾಸ ಒಂದೇ ತಾನೇ ಅನ್ನಬೇಡಿ. ನೂರು ಊರಿನ ಉಂಗುರದಲ್ಲಿ ಅದೇ ಲೆಕ್ಕ 5,050 ಮತ್ತು 199.

ಸಿಮ್ಯುಲೇಟರಿನ ನಿಜವಾದ ರುಚಿ ಗೊತ್ತಾಗುವುದು ಇನ್ನೊಂದು ಅಲ್ಗಾರಿದಮ್‌ನಲ್ಲಿ. ಮೂರು ಮಾರುಕಟ್ಟೆಯ ಪುಸ್ತಕದಲ್ಲಿ ಒಟ್ಟು ಎಷ್ಟು ಚೀಲ ಇದೆ ಎಂದು, ವ್ಯವಹಾರ ನಿಲ್ಲಿಸದೆ ಎಣಿಸಬೇಕು. ಊರಿಂದೂರಿಗೆ ವರ್ಗಾವಣೆಯ ಸಂದೇಶಗಳು ಹರಿದಾಡುತ್ತಲೇ ಇರುತ್ತವೆ. ಎಣಿಸುವ ಹೊತ್ತಿಗೆ ಕೆಲವು ಚೀಲ ಯಾರ ಪುಸ್ತಕದಲ್ಲೂ ಇರದೆ ದಾರಿಯಲ್ಲಿರುತ್ತವೆ. ಐಐಟಿ ಮದ್ರಾಸಿನಲ್ಲಿ ಓದಿದ ಕೆ. ಮಣಿ ಚಾಂಡಿ ಮತ್ತು ಲ್ಯಾಂಪೋರ್ಟ್ 1985ರಲ್ಲಿ ಇದಕ್ಕೆ ಕೊಟ್ಟ ಉತ್ತರ ಚಿಕ್ಕದು, ಚೆಲುವಾದದ್ದು. ಎಣಿಕೆ ಶುರು ಮಾಡುವ ಊರು ತನ್ನ ಚೀಲಗಳ ಸಂಖ್ಯೆ ಬರೆದಿಟ್ಟು, ಎಲ್ಲ ದಾರಿಗೂ ಒಂದು ಗುರುತಿನ ಸಂದೇಶ ಬಿಡುತ್ತದೆ. ಮೊದಲ ಸಲ ಗುರುತು ಕಂಡ ಊರು ತಕ್ಷಣ ತನ್ನ ಸಂಖ್ಯೆ ಬರೆದಿಟ್ಟು, ತಾನೂ ಎಲ್ಲ ದಾರಿಗೂ ಗುರುತು ಬಿಡುತ್ತದೆ. ಬರೆದಿಟ್ಟ ಮೇಲೆ, ಒಂದು ದಾರಿಯಲ್ಲಿ ಗುರುತು ಬರುವ ತನಕ ಆ ದಾರಿಯಲ್ಲಿ ಬಂದ ಚೀಲಗಳನ್ನು ‘ದಾರಿಯಲ್ಲಿದ್ದವು’ ಎಂದು ಲೆಕ್ಕಕ್ಕೆ ಸೇರಿಸುತ್ತದೆ. ಕೂಡಿಸಿದರೆ ಮೊತ್ತ ಸರಿ.

ಒಂದು ಷರತ್ತಿದೆ: ಒಂದೇ ದಾರಿಯಲ್ಲಿ ಹೊರಟ ಸಂದೇಶಗಳು ಹೊರಟ ಕ್ರಮದಲ್ಲೇ ಮುಟ್ಟಬೇಕು, ಒಂದನ್ನೊಂದು ಹಿಂದೆ ಹಾಕಬಾರದು. ಈ ಷರತ್ತನ್ನು ಪುಸ್ತಕದಲ್ಲಿ ಓದಿದಾಗ ಕಣ್ಣು ಅದರ ಮೇಲೆ ಜಾರಿ ಹೋಗುತ್ತದೆ. ಸಿಮ್ಯುಲೇಟರಿನಲ್ಲಿ ಅದನ್ನು ತೆಗೆದು ನೋಡಿ. ಹಾವೇರಿಯಲ್ಲಿ 100 ಚೀಲ, ಬ್ಯಾಡಗಿಯಲ್ಲಿ 200, ರಾಣೆಬೆನ್ನೂರಿನಲ್ಲಿ 50, ಒಟ್ಟು 350. ಹಾವೇರಿ 100 ಎಂದು ಬರೆದಿಟ್ಟು ಗುರುತು ಕಳಿಸಿತು, ಆಮೇಲೆ 20 ಚೀಲ ಬ್ಯಾಡಗಿಗೆ ದಾಟಿಸಿತು. ಕ್ರಮ ತಪ್ಪದಿದ್ದರೆ ಬ್ಯಾಡಗಿಗೆ ಗುರುತು ಮೊದಲು ಮುಟ್ಟಿ, ಅದು 200 ಬರೆಯುತ್ತದೆ. 350, ಸರಿ. ಚೀಲದ ಸಂದೇಶ ಗುರುತನ್ನು ಹಿಂದೆ ಹಾಕಿದರೆ? ಬ್ಯಾಡಗಿ ಆಗಲೇ 220 ಆಗಿರುತ್ತದೆ, ಅದನ್ನೇ ಬರೆಯುತ್ತದೆ. ಮೊತ್ತ 370. ಇಪ್ಪತ್ತು ಚೀಲ ಎರಡು ಸಲ ಎಣಿಕೆಯಾದವು. ಇನ್ನು ಉಲ್ಟಾ: ಹಾವೇರಿ ಮೊದಲು 20 ಕಳಿಸಿ, 80 ಎಂದು ಬರೆದು, ಗುರುತು ಬಿಟ್ಟಿತು, ಗುರುತೇ ಚೀಲವನ್ನು ಹಿಂದೆ ಹಾಕಿತು. ಬ್ಯಾಡಗಿ 200 ಬರೆದು, ಹಾವೇರಿಯ ದಾರಿ ಖಾಲಿ ಎಂದು ಮುಚ್ಚಿಬಿಟ್ಟಿತು. ಮೊತ್ತ 330. ಇಪ್ಪತ್ತು ಚೀಲ ಲೆಕ್ಕದಿಂದಲೇ ಮಾಯ. ಯಾರೂ ಕದ್ದಿಲ್ಲ, ಯಾರೂ ತಪ್ಪು ಬರೆದಿಲ್ಲ. ಸರದಿ ಕೆಟ್ಟಿತು, ಅಷ್ಟೇ.

ಇದನ್ನು ಕೈಯಾರೆ ಹುಡುಕಬೇಕಿಲ್ಲ. ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದ ಕೂನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ 2000ದಲ್ಲಿ ಹ್ಯಾಸ್ಕೆಲ್‌ಗಾಗಿ ಕ್ವಿಕ್‌ಚೆಕ್ ಎಂಬ ಸಾಧನ ತಂದರು. ಒಂದೊಂದೇ ಪರೀಕ್ಷೆ ಬರೆಯುವ ಬದಲು, ಯಾವ ಮಾತು ಯಾವಾಗಲೂ ನಿಜವಾಗಿರಬೇಕು ಎಂದು ಬರೆಯುವುದು: ‘ಎಣಿಕೆಯ ಮೊತ್ತ 350’. ಸಾಧನವೇ ನೂರಾರು ಓಟ ಹುಟ್ಟಿಸಿ, ಮಾತು ಸುಳ್ಳಾಗುವ ಓಟ ಹುಡುಕುತ್ತದೆ. ಸಿಕ್ಕ ಓಟ ಇನ್ನೂರು ಸಂದೇಶದ ಉದ್ದವಿದ್ದರೆ ಮನುಷ್ಯನಿಗೆ ಅದರಿಂದ ಉಪಯೋಗವಿಲ್ಲ. ಹಾಗಾಗಿ ಒಂದೊಂದೇ ಸಂದೇಶ ತೆಗೆದು, ಇನ್ನೂ ಸುಳ್ಳಾಗುತ್ತದೆಯೇ ಎಂದು ನೋಡುತ್ತ, ಅದನ್ನು ಕುಗ್ಗಿಸುತ್ತ ಹೋಗುತ್ತದೆ. ನಮ್ಮ ಉದಾಹರಣೆಯಲ್ಲಿ ಕಡೆಗೆ ಉಳಿಯುವುದು ಒಂದು ವರ್ಗಾವಣೆ ಮತ್ತು ಅದನ್ನು ದಾಟಿದ ಒಂದು ಗುರುತು. ಇದೇ ಬಗೆಯ ಸಾಧನ ಎರ್ಲಾಂಗ್ ಭಾಷೆಯ ಒಂದು ಡೇಟಾಬೇಸಿನಲ್ಲಿ, ಕ್ಲಾರ್ನಾ ಎಂಬ ಕಂಪನಿಯವರನ್ನು ವಾರಗಟ್ಟಲೆ ಕಾಡಿದ್ದ ತಪ್ಪನ್ನು ಐದಾರು ಹೆಜ್ಜೆಯ ಉದಾಹರಣೆಗೆ ಇಳಿಸಿ ತೋರಿಸಿತು. ಎರ್ಲಾಂಗ್ ಕೂಡ ಫಂಕ್ಷನಲ್ ಭಾಷೆಯೇ. 1980ರ ದಶಕದಲ್ಲಿ ಎರಿಕ್ಸನ್ ಕಂಪನಿಯಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಜೊತೆಗಾರರು ಟೆಲಿಫೋನ್ ಎಕ್ಸ್‌ಚೇಂಜುಗಳಿಗಾಗಿ ಕಟ್ಟಿದ್ದು. ವಾಟ್ಸ್ಆ್ಯಪ್ಪಿನ ಸರ್ವರುಗಳು ಓಡುವುದು ಅದರ ಮೇಲೆ. ಇವತ್ತಿನ ದರ ಏನಾಯಿತು ಎಂದು ವಾಟ್ಸ್ಆ್ಯಪ್ಪಿನಲ್ಲಿ ಕೇಳುವ ಪ್ರತಿ ಸಂದೇಶವೂ ಹಾಗೆ ನೋಡಿದರೆ ಒಂದು ಫಂಕ್ಷನಲ್ ಪ್ರೋಗ್ರಾಂ ಮೂಲಕವೇ ಹಾದು ಬರುತ್ತದೆ.

ಅಳಿಸಿ ಬರೆಯದ ಭಾಷೆಯ ಇನ್ನೊಂದು ಕೊಡುಗೆ ಇಲ್ಲಿ ಫಲ ಕೊಡುತ್ತದೆ. ಹಳೆಯ ಸ್ಥಿತಿಗಳು ನಾಶವಾಗದ್ದರಿಂದ ಓಟದ ಪ್ರತಿ ಗಳಿಗೆಯನ್ನೂ ಇಟ್ಟುಕೊಳ್ಳಬಹುದು. ಬದಲಾಗದ ಭಾಗವನ್ನು ಹಳೆಯದೂ ಹೊಸದೂ ಹಂಚಿಕೊಳ್ಳುವುದರಿಂದ ಜಾಗವೂ ಅಷ್ಟೊಂದು ಹಿಡಿಯುವುದಿಲ್ಲ. ಕ್ರಿಸ್ ಒಕಸಾಕಿಯ 1998ರ ಪುಸ್ತಕ ಇಂಥ ರಚನೆಗಳಿಗೇ ಮೀಸಲು. ಹದಿನೇಳನೇ ಘಟನೆಗೆ ಹಿಂದಿರುಗಿ, ಅಲ್ಲಿಂದ ಬೇರೆ ಸಂದೇಶವನ್ನು ಮೊದಲು ಬಿಟ್ಟರೆ ಏನಾಗುತ್ತಿತ್ತು ಎಂದು ಕವಲು ತೆಗೆಯಬಹುದು. ಮೂರು ಊರು, ನಾಲ್ಕು ಕೆಲಸದ 34,650 ಬಗೆಗಳನ್ನು ಒಂದೂ ಬಿಡದೆ ನೋಡಿ ಮುಗಿಸುವುದು ಸಾಮಾನ್ಯ ಲ್ಯಾಪ್‌ಟಾಪಿಗೆ ದೊಡ್ಡ ಕೆಲಸವಲ್ಲ.

ಕಷ್ಟಗಳಿಲ್ಲವೆಂದಲ್ಲ. ಹ್ಯಾಸ್ಕೆಲ್ ಯಾವ ಲೆಕ್ಕವನ್ನೂ ಅಗತ್ಯ ಬೀಳುವವರೆಗೆ ಮಾಡುವುದಿಲ್ಲ. ಎಣಿಕೆಗೆ ಒಂದು ಸೇರಿಸು ಎಂದಾಗ ಸೇರಿಸದೆ, ಸೇರಿಸಬೇಕೆಂಬ ಟಿಪ್ಪಣಿ ಇಟ್ಟುಕೊಳ್ಳುತ್ತದೆ. ಲಕ್ಷಗಟ್ಟಲೆ ಘಟನೆಗಳ ಓಟದಲ್ಲಿ ಆ ಟಿಪ್ಪಣಿಗಳೇ ಪೇರಿಕೊಂಡು ಯಂತ್ರದ ನೆನಪು ಮುಗಿಯುತ್ತದೆ, ಹೊಸಬರಿಗೆ ಕಾರಣವೇ ಹೊಳೆಯುವುದಿಲ್ಲ. ನಾನಾದರೆ ಓಕ್ಯಾಮಲ್ ಆರಿಸುತ್ತೇನೆ. ಅದು ಹೇಳಿದ ತಕ್ಷಣ ಲೆಕ್ಕ ಮಾಡುತ್ತದೆ. ದರ, ಗುರುತು, ವರ್ಗಾವಣೆ ಎಂದು ಸಂದೇಶದ ಬಗೆಗಳನ್ನು ಮೊದಲೇ ಸಾರಿದರೆ, ಒಂದು ಬಗೆಗೆ ಉತ್ತರ ಬರೆಯುವುದು ಮರೆತಾಗ ಓಡಿಸುವ ಮುಂಚೆಯೇ ಎಚ್ಚರಿಸುತ್ತದೆ. 2022ರ ಡಿಸೆಂಬರಿನಲ್ಲಿ ಬಂದ ಅದರ ಐದನೇ ಆವೃತ್ತಿ ಹಲವು ಕೋರ್‌ಗಳನ್ನು ಒಟ್ಟಿಗೆ ದುಡಿಸಬಲ್ಲದು. ಆ ಕೆಲಸದಲ್ಲಿ ಐಐಟಿ ಮದ್ರಾಸಿನ ಸಂಶೋಧಕರ ಪಾಲು ದೊಡ್ಡದು. ಸಾವಿರ ಓಟಗಳು ಒಂದಕ್ಕೊಂದು ಸಂಬಂಧವಿಲ್ಲದವು, ಹಂಚಿಬಿಟ್ಟರಾಯಿತು.

ಸಿಮ್ಯುಲೇಟರು ಹೇಳದ ವಿಷಯಗಳೂ ಇವೆ. 2024ರ ಮಾರ್ಚ್ 11ರ ಸೋಮವಾರ ಮೆಣಸಿನಕಾಯಿ ದರ ಕುಸಿದದ್ದಕ್ಕೆ ರೊಚ್ಚಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ದರ ಯಾಕೆ ಬಿತ್ತು ಎಂಬುದಕ್ಕೆ ಬೆಳೆಯ ಪ್ರಮಾಣ, ಬೇಡಿಕೆ, ಕೋಲ್ಡ್ ಸ್ಟೋರೇಜಿನಲ್ಲಿದ್ದ ಹಳೆಯ ದಾಸ್ತಾನು ಎಂದೆಲ್ಲ ಉತ್ತರ ಹುಡುಕಬೇಕು. ಸಂದೇಶದ ಸರದಿಯಲ್ಲಿ ಅದರ ಉತ್ತರವಿಲ್ಲ. ಎಲ್ಲರೂ ಒಪ್ಪಿದ ದರ ಬದುಕಲು ಸಾಕಾಗುವ ದರ ಆಗಬೇಕೆಂದಿಲ್ಲ. ಅಲ್ಗಾರಿದಮ್ ಭರವಸೆ ಕೊಡುವುದು ಒಪ್ಪಿಗೆಗೆ ಮಾತ್ರ.

ಇದುವರೆಗೆ ನಮ್ಮ ಊರುಗಳು ಕೆಡಬಹುದಿತ್ತು, ತಡ ಮಾಡಬಹುದಿತ್ತು, ಸುಳ್ಳು ಹೇಳುತ್ತಿರಲಿಲ್ಲ. ಒಂದು ಊರಿನ ಯಂತ್ರ ಹಾವೇರಿಗೆ ಒಂದು ದರ, ಬ್ಯಾಡಗಿಗೆ ಇನ್ನೊಂದು ದರ ಹೇಳಿದರೆ? ಲ್ಯಾಂಪೋರ್ಟ್, ರಾಬರ್ಟ್ ಶೋಸ್ಟಾಕ್, ಮಾರ್ಷಲ್ ಪೀಸ್ 1982ರ ಪ್ರಬಂಧದಲ್ಲಿ ಇದನ್ನೂ ಬಿಡಿಸಿದ್ದಾರೆ. ಸಂದೇಶಕ್ಕೆ ನಕಲು ಮಾಡಲಾಗದ ಸಹಿ ಇಲ್ಲದಿದ್ದರೆ, ಮೂರರಲ್ಲಿ ಒಬ್ಬ ಸುಳ್ಳುಗಾರನಿದ್ದರೂ ಉಳಿದಿಬ್ಬರು ಒಮ್ಮತಕ್ಕೆ ಬರಲಾರರು. ರಾಣೆಬೆನ್ನೂರು ‘ಹಾವೇರಿ ಹೀಗೆ ಹೇಳಿತು’ ಎನ್ನುತ್ತದೆ, ಹಾವೇರಿ ‘ನಾನು ಹಾಗೆ ಹೇಳಲಿಲ್ಲ’ ಎನ್ನುತ್ತದೆ. ಸುಳ್ಳು ಯಾರದ್ದು ಎಂದು ಬ್ಯಾಡಗಿಗೆ ತಿಳಿಯಲು ದಾರಿಯಿಲ್ಲ. ಒಬ್ಬ ಸುಳ್ಳುಗಾರನನ್ನು ತಡೆದುಕೊಳ್ಳಲು ಕನಿಷ್ಠ ನಾಲ್ವರು ಬೇಕು, ಇಬ್ಬರಿಗೆ ಏಳು. ಹಾವೇರಿ ಜಿಲ್ಲೆಯದೇ ಆದ ಸವಣೂರನ್ನು ನಾಲ್ಕನೆಯದಾಗಿ ಸೇರಿಸಿಕೊಳ್ಳಬಹುದು. ಸಿಮ್ಯುಲೇಟರಿನಲ್ಲಿ ಅದು ಊರುಗಳ ಪಟ್ಟಿಗೆ ಒಂದು ಹೆಸರು ಹೆಚ್ಚು; ನಾಲ್ಕು ಊರು, ನಾಲ್ಕು ನಾಲ್ಕು ಕೆಲಸ ಎಂದಾಗ ನೋಡಬೇಕಾದ ಬಗೆಗಳು 34,650ರಿಂದ ಆರು ಕೋಟಿ ಮೂವತ್ತು ಲಕ್ಷಕ್ಕೆ ಏರುತ್ತವೆ. ಒಂದೂ ಬಿಡದೆ ನೋಡುವುದು ಆಗಲೂ ಅಸಾಧ್ಯವಲ್ಲ, ಆದರೆ ಲ್ಯಾಪ್‌ಟಾಪನ್ನು ಓಡಲು ಬಿಟ್ಟು ಚಹಾಕ್ಕೆ ಎದ್ದು ಹೋಗಬೇಕಾಗುತ್ತದೆ.